ನೂರ ನಲವತ್ತನೇ ಪುಟದ ಬಸ್ ಟಿಕೆಟ್

ಕಳೆದ ಡಿಸೆಂಬರಿನಲ್ಲಿ ಒಂದು ಸುಳ್ಳು ಹೇಳಿದೆ. ವರ್ಷದ ಮೆಚ್ಚಿನ ಮೂರು ಪುಸ್ತಕ ಯಾವುವು ಎಂದು ಪರಿಚಯದವರೊಬ್ಬರು ಕೇಳಿದ್ದರು. ಕಪಾಟಿನ ಮೇಲಿನ ಸಾಲಿನತ್ತ ಕಣ್ಣುಹಾಯಿಸಿ ಮೂರು ಹೆಸರು ಬರೆದುಕೊಟ್ಟೆ. ಮೂರೂ ದಪ್ಪ ಪುಸ್ತಕ, ಮೂರರಲ್ಲೂ ಸಾವು, ಒಂದರಲ್ಲಂತೂ ಎರಡು ಯುದ್ಧ. ಈ ವರ್ಷ ಕಪಾಟು ಒರೆಸುವಾಗ ಅವುಗಳಲ್ಲಿ ಮೊದಲನೆಯದನ್ನು ಕೆಳಗಿಳಿಸಿ ನೋಡಿದರೆ 140ನೇ ಪುಟದಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿಕೊಂಡಿತ್ತು. ಅಲ್ಲಿಂದಾಚೆಯ ಹಾಳೆಗಳು ಅಂಗಡಿಯಿಂದ ತಂದ ಪಂಚೆಯ ಮಡಿಕೆಯ ಹಾಗೆ ಮುರಿಯದೆ ಕೂತಿದ್ದವು.

ಅದೇ ವರ್ಷ ಎರಡು ಸಲ ಓದಿದ, ಎರಡನೇ ಸಲ ರೈಲಿನಲ್ಲಿ ಎದುರಿನವರು ತಲೆಯೆತ್ತಿ ನೋಡುವಷ್ಟು ನಗಿಸಿದ ಪುಸ್ತಕ ಆ ಪಟ್ಟಿಯಲ್ಲಿರಲಿಲ್ಲ. ತಲೆಗೂದಲಿಗೆ ಹಾಕಿದ ಬಣ್ಣ ಕೈಕೊಟ್ಟಿತೆಂದು ಬದುಕೇ ಮುಗಿಯಿತೆಂದುಕೊಳ್ಳುವ ಮಾಂತ್ರಿಕನ ಕಥೆ ಅದು. ಅದನ್ನು ಮೆಚ್ಚಿದ್ದೇನೆಂದು ನಾಲ್ಕು ಜನರೆದುರು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಓದಿ ಮುಗಿಸದ ಪುಸ್ತಕವನ್ನು ಮೆಚ್ಚಿದೆನೆಂದು ಹೇಳುವಾಗ ಮಾತ್ರ ಆ ನಾಚಿಕೆ ಆಗಲಿಲ್ಲ ನೋಡಿ!

ಮೆಚ್ಚುವುದು ಬೇರೆ, ಗೌರವಿಸುವುದು ಬೇರೆ. ಮನೆಗೆ ಹೆಡ್‌ಮಾಸ್ತರು ಬಂದರೆ ಎದ್ದು ನಿಲ್ಲುತ್ತೇವೆ, ಗೆಳೆಯ ಬಂದರೆ ಕಾಲು ಚಾಚಿ ಕೂರುತ್ತೇವೆ. ಇಬ್ಬರೂ ಬೇಕಾದವರೇ. ಆದರೆ ನಿನ್ನ ಗೆಳೆಯರು ಯಾರು ಎಂದು ಕೇಳಿದಾಗ ಹೆಡ್‌ಮಾಸ್ತರ ಹೆಸರು ಹೇಳುವುದು ಒಂದು ಬಗೆಯ ಕಳ್ಳಲೆಕ್ಕ. ವರ್ಷದ ಕೊನೆಗೆ ನಾವು ಒಪ್ಪಿಸುವ ಪಟ್ಟಿಗಳು ಬಹುಮಟ್ಟಿಗೆ ಇಂಥ ಕಳ್ಳಲೆಕ್ಕಗಳು ಎಂದು ನನಗೀಗ ಅನ್ನಿಸುತ್ತಿದೆ. ಈ ಲೆಕ್ಕದಲ್ಲಿ ಸದಾ ಬಿಟ್ಟುಹೋಗುವವು ಮೂರು: ನಗಿಸುವ ಪುಸ್ತಕ, ಮಾಯಾಲೋಕದ ಪುಸ್ತಕ, ಪ್ರೇಮದ ಪುಸ್ತಕ. ಮೂರೂ ಒಂದರಲ್ಲೇ ಸೇರಿಕೊಂಡಿದ್ದರೆ ಕೇಳುವುದೇ ಬೇಡ.

ಮೂರೂ ಸೇರಿಕೊಂಡದ್ದು ಆ ಮಾಂತ್ರಿಕನ ಪುಸ್ತಕ. ಈ ಸಲದ ನನ್ನ ಪ್ರಾಮಾಣಿಕ ಪಟ್ಟಿಯಲ್ಲಿ ಮೊದಲನೆಯದು ಅದೇ. ಇಂಗ್ಲೆಂಡಿನ ಡಯಾನಾ ವಿನ್ ಜೋನ್ಸ್ 1986ರಲ್ಲಿ ಪ್ರಕಟಿಸಿದ 'ಹೌಲ್ಸ್ ಮೂವಿಂಗ್ ಕ್ಯಾಸಲ್'. 2004ರಲ್ಲಿ ಜಪಾನಿನ ಮಿಯಾಜಾಕಿ ಇದನ್ನು ಸಿನಿಮಾ ಮಾಡಿದ ಮೇಲೆ ಹೆಸರು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಸಿನಿಮಾ ಸುಂದರವಾಗಿದೆ, ಆದರೆ ಪುಸ್ತಕದ ತುಂಟತನ ಅದರಲ್ಲಿಲ್ಲ. ಟೋಪಿ ಅಂಗಡಿಯಲ್ಲಿ ಕೂತು ಹೊಲಿಯುವ ಸೋಫಿ ಮೂವರು ಅಕ್ಕತಂಗಿಯರಲ್ಲಿ ಹಿರಿಯವಳು. ಅವಳ ನಾಡು ಅಜ್ಜಿಕಥೆಯ ನಿಯಮಗಳೇ ನಡೆಯುವ ನಾಡು. ಹಾಗಾಗಿ ಹಿರಿಯವಳು ಎಂದಮೇಲೆ ಏನು ಮಾಡಿದರೂ ಸೋಲೇ ಗತಿ ಎಂದು ಅವಳು ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾಳೆ. ಒಂದು ದಿನ ಮಾಟಗಾತಿಯ ಶಾಪದಿಂದ ಹರೆಯದ ಹುಡುಗಿ ಮುದುಕಿಯಾಗುತ್ತಾಳೆ. ಕನ್ನಡಿ ನೋಡಿಕೊಂಡು ಅವಳು ಅಳುವುದಿಲ್ಲ. ಪರವಾಗಿಲ್ಲ, ಮುದುಕಿ ಗಟ್ಟಿಮುಟ್ಟಾಗಿದ್ದಾಳೆ ಎಂದು ಸಮಾಧಾನಪಟ್ಟುಕೊಂಡು ಮನೆ ಬಿಡುತ್ತಾಳೆ.

ಇಲ್ಲಿಂದ ಕಥೆ ಬೇರೆಯೇ ಆಗುತ್ತದೆ. ಹುಡುಗಿಯಾಗಿ ಬಾಯಿ ಬಿಡಲು ಹೆದರುತ್ತಿದ್ದವಳು ಮುದುಕಿಯಾದ ಕೂಡಲೇ ಎಲ್ಲರನ್ನೂ ಗದರುತ್ತಾಳೆ. ಊರೂರು ಅಲೆಯುವ ಕೋಟೆಗೆ ಹೇಳದೆ ಕೇಳದೆ ನುಗ್ಗುತ್ತಾಳೆ, ಒಲೆಯಲ್ಲಿರುವ ಬೆಂಕಿಭೂತದ ತಲೆಯ ಮೇಲೇ ಬಾಣಲೆ ಇಟ್ಟು ಹುರಿಯುತ್ತಾಳೆ, ಮಾಂತ್ರಿಕನ ಬಚ್ಚಲು ತಿಕ್ಕಿ ಸೀಸೆಗಳ ಜಾಗ ಬದಲಿಸುತ್ತಾಳೆ. ಸೀಸೆ ಅದಲುಬದಲಾಗಿ ಮಾಂತ್ರಿಕ ಹೌಲನ ಕೂದಲಿಗೆ ಬೇಡದ ಬಣ್ಣ ಹತ್ತುತ್ತದೆ. ಅವನು ಕುರ್ಚಿಯಲ್ಲಿ ಕುಸಿದು ಕೂತು ಮೈಯಿಂದ ಹಸಿರು ಲೋಳೆ ಸುರಿಸತೊಡಗುತ್ತಾನೆ. ದುಃಖಕ್ಕೆ! ಲೋಳೆ ನೆಲಕ್ಕೆ ಹರಿದು ಒಲೆಯ ಬಾಯಿಗೆ ಬಂದು ಬೆಂಕಿಭೂತ ಉಸಿರುಗಟ್ಟಿ ಕೂಗಿಕೊಳ್ಳುತ್ತದೆ. ಮುದುಕಿ ಅವನನ್ನು ಎಳೆದೊಯ್ದು ಬಚ್ಚಲಿಗೆ ಹಾಕುತ್ತಾಳೆ. ನಾಯಕ ನಾಯಕಿಯರ ಪ್ರಣಯದಲ್ಲಿ ಇದೊಂದು ಮುಖ್ಯ ಘಟ್ಟ ಎಂದರೆ ನಂಬುತ್ತೀರಾ? ನಂಬಲೇಬೇಕು. ಒಬ್ಬರ ಅತಿ ಕೆಟ್ಟ ಮುಖವನ್ನು ಇನ್ನೊಬ್ಬರು ನೋಡಿ, ಬೈದು, ತೊಳೆದು, ಮತ್ತೆ ಒಲೆ ಹಚ್ಚುವುದು ಮದುವೆಯಾಗಿ ಇಪ್ಪತ್ತು ವರ್ಷವಾದವರಿಗೆ ಗೊತ್ತಿರುವ ಸಂಗತಿ. ಅವಳ ಶಾಪದ ವಿಷಯ ಹೌಲನಿಗೆ ಮೊದಲೇ ತಿಳಿದಿತ್ತು, ಗುಟ್ಟಾಗಿ ಅದನ್ನು ಬಿಡಿಸಲು ನೋಡಿ ಸೋತಿದ್ದ ಎಂಬುದು ನಮಗೆ ತಡವಾಗಿ ಗೊತ್ತಾಗುತ್ತದೆ. ಆ ಮುದಿತನ ಅವಳಿಗೇ ಹಿತವಾಗಿದೆಯೇನೋ ಎಂದು ಅವನು ಕೈಬಿಟ್ಟಿದ್ದ. ಹೆಣ್ಣಿಗೆ ಮಾತಾಡುವ ಹಕ್ಕು ವಯಸ್ಸಾದ ಮೇಲಷ್ಟೇ ಸಿಗುವ ಲೋಕವನ್ನು ಇಷ್ಟು ಹಗುರವಾಗಿ, ಇಷ್ಟು ಖಡಕ್ಕಾಗಿ ತೋರಿಸಿದ ಗಂಭೀರ ಕಾದಂಬರಿ ನನ್ನ ಮೇಲಿನ ಸಾಲಿನಲ್ಲಿ ಹುಡುಕಿದೆ. ಸಿಗಲಿಲ್ಲ.

ಹಾಗಾದರೆ ನಾಚಿಕೆ ಎಲ್ಲಿಂದ ಬಂತು? ನಮ್ಮ ಮಾತಿನಲ್ಲೇ ಇದೆ. ಮಾಯೆಯ ಕಥೆಗೆ 'ಅಡಗೂಲಜ್ಜಿ ಕಥೆ' ಎನ್ನುತ್ತೇವೆ. ತ್ರಿವೇಣಿ, ಎಂ.ಕೆ. ಇಂದಿರಾ ಅವರಂಥವರನ್ನು ಮನೆಮನೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಹೆಂಗಸರ ಕಾದಂಬರಿಗಳನ್ನು 'ಅಡುಗೆಮನೆ ಸಾಹಿತ್ಯ' ಎಂದು ಪಕ್ಕಕ್ಕೆ ಸರಿಸಿದವರು ಕಡಿಮೆಯಿಲ್ಲ. ಹಾಸ್ಯಕ್ಕೆ ಬೈಗುಳ ಇಲ್ಲ, ಬೇರೆ ಪಂಕ್ತಿ ಇದೆ. 'ಹಾಸ್ಯ ಸಾಹಿತ್ಯ' ಎಂದು ಹೆಸರು ಕೊಟ್ಟು ಅತ್ತ ಕೂರಿಸಿದರೆ ಮುಗಿಯಿತು, ಒಳಗಿನ ಊಟಕ್ಕೆ ಕರೆಯಬೇಕಾಗಿಲ್ಲ.

ಹೀಗೇನೂ ಮೊದಲಿಂದ ಇರಲಿಲ್ಲ. 1942ನ್ನೇ ತೆಗೆದುಕೊಳ್ಳಿ. ಜಗತ್ತಿನಲ್ಲಿ ಮಹಾಯುದ್ಧ, ದೇಶದಲ್ಲಿ ಕ್ವಿಟ್ ಇಂಡಿಯಾ. ಆ ವರ್ಷ ಕನ್ನಡದಲ್ಲಿ ಬಂದದ್ದು ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಮತ್ತು ರಾಶಿಯವರ 'ಕೊರವಂಜಿ'. ಒಂದು ಗಂಡಹೆಂಡಿರ ಪ್ರೀತಿಯ ಕವಿತೆಗಳ ಪುಸ್ತಕ, ಇನ್ನೊಂದು ನಗೆಪತ್ರಿಕೆ. ಕೊರವಂಜಿ 1967ರವರೆಗೆ ನಡೆಯಿತು, ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಮಲ್ಲಿಗೆ ಇವತ್ತಿಗೂ ಅಚ್ಚಾಗುತ್ತಲೇ ಇದೆ. ಆ ವರ್ಷ ಯಾರಾದರೂ ಮೆಚ್ಚಿನ ಪುಸ್ತಕಗಳ ಪಟ್ಟಿ ಮಾಡಿದ್ದರೆ, ಕಾಲ ಇಷ್ಟು ಗಂಭೀರವಾಗಿರುವಾಗ ಹೆಂಡತಿಯ ತವರಿನ ಮೇಲೆ ಪದ್ಯವೇ ಎಂದು ಹುಬ್ಬು ಗಂಟಿಕ್ಕುವವರು ಇದ್ದೇ ಇರುತ್ತಿದ್ದರು. ಎಂಬತ್ತು ವರ್ಷದ ಮೇಲೆ ಉಳಿದದ್ದು ಯಾವುದು ಎಂದು ನಾನು ಹೇಳಬೇಕಾಗಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ವಿಷಯ ತಮಾಷೆಯಾಗಿಯೇ ಇದೆ. ಗಂಭೀರ ಕಾದಂಬರಿ, ಗಂಭೀರ ಕಾದಂಬರಿ ಎಂದು ದಿನವೂ ಜಪಿಸುತ್ತೇವಲ್ಲ, 'ಕಾದಂಬರಿ' ಎಂಬ ಆ ಪದ ಯಾರದು? ಏಳನೇ ಶತಮಾನದ ಬಾಣಭಟ್ಟನ ನಾಯಕಿಯ ಹೆಸರು. ಅವಳು ಗಂಧರ್ವ ಕನ್ಯೆ. ಅವಳ ಕಥೆಯನ್ನು ರಾಜನ ಸಭೆಯಲ್ಲಿ ಹೇಳುವುದು ಒಂದು ಗಿಳಿ. ಪ್ರೀತಿಗಾಗಿ ಸಾಯುವವರಿದ್ದಾರೆ, ಶಾಪ ತಗುಲಿ ಮತ್ತೆ ಮತ್ತೆ ಹುಟ್ಟುವವರಿದ್ದಾರೆ. ಆ ಗಿಳಿಯೇ ಹಿಂದಿನ ಜನ್ಮದ ಪ್ರೇಮಿ, ಕಥೆ ಕೇಳುತ್ತ ಸಿಂಹಾಸನದ ಮೇಲೆ ಕೂತ ರಾಜನೇ ಆ ಕಥೆಯ ನಾಯಕ, ಪಾಪ, ಅವನಿಗೆ ಅದು ಗೊತ್ತೇ ಇಲ್ಲ! ನಾಗವರ್ಮ ಇದನ್ನು 'ಕರ್ಣಾಟಕ ಕಾದಂಬರಿ'ಯಾಗಿ ಕನ್ನಡಕ್ಕೆ ತಂದ. ಮುಂದೆ 12ನೇ ಶತಮಾನದಲ್ಲಿ ನೇಮಿಚಂದ್ರ 'ಲೀಲಾವತಿ'ಯಲ್ಲಿ ಕನಸಿನಲ್ಲಿ ಕಂಡ ಹುಡುಗಿಯನ್ನು ಹುಡುಕಿಕೊಂಡು ಹೊರಡುವ ರಾಜಕುಮಾರನ ಕಥೆ ಬರೆದ. ಅಂದರೆ ನಾವು ಒಂದು ಇಡೀ ಪ್ರಕಾರಕ್ಕೆ ಮಾಯಾಲೋಕದ ಪ್ರೇಮಕಥೆಯೊಂದರ ನಾಯಕಿಯ ಹೆಸರಿಟ್ಟು, ಆಮೇಲೆ ಮಾಯೆಯನ್ನೂ ಪ್ರೇಮವನ್ನೂ ಆ ಮನೆಯ ಹಿತ್ತಿಲಿಗೆ ಅಟ್ಟಿದ್ದೇವೆ. ಸಂಸ್ಕೃತದಲ್ಲಿ ಕಾದಂಬರಿ ಎಂದರೆ ಮದ್ಯ ಎಂದೂ ಅರ್ಥವಿದೆ. ಗಂಭೀರ ವಿಮರ್ಶಕರ ಗಮನಕ್ಕೆ.

ಗೌರವ ಕೊಡಲೇಬೇಕಾಗಿ ಬಂದಾಗ ನಾವು ಮಾಡುವ ಕೈಚಳಕವೂ ಒಂದಿದೆ. ಹೆಸರು ಬದಲಿಸಿಬಿಡುತ್ತೇವೆ. ಗಿರೀಶ ಕಾರ್ನಾಡರ 'ಹಯವದನ'ದಲ್ಲಿ ಏನಿದೆ? ಒಬ್ಬಳನ್ನು ಪ್ರೀತಿಸುವ ಇಬ್ಬರು ಗೆಳೆಯರು, ಕಡಿದುಕೊಂಡ ಎರಡು ತಲೆ, ನಿದ್ದೆಗಣ್ಣಿನ ಕಾಳಿ, ಗಡಿಬಿಡಿಯಲ್ಲಿ ತಲೆಗಳನ್ನು ಅದಲುಬದಲು ಜೋಡಿಸಿಬಿಡುವ ಪದ್ಮಿನಿ, ಸಾಲದ್ದಕ್ಕೆ ಕುದುರೆ ಮುಖದವನೊಬ್ಬ. ಹಾಸ್ಯ, ಮಾಯೆ, ಪ್ರೇಮ ಮೂರೂ ತುಂಬಿ ತುಳುಕುವ ನಾಟಕ. ಆದರೆ ತರಗತಿಯಲ್ಲಿ ಅದನ್ನು ಅಪೂರ್ಣತೆಯ ಸಮಸ್ಯೆ, ಅಸ್ತಿತ್ವದ ಬಿಕ್ಕಟ್ಟು ಎಂದು ಓದಿಸುತ್ತಾರೆ. ಆ ಓದು ತಪ್ಪಲ್ಲ. ಆದರೆ ಪದ್ಮಿನಿ ತಲೆ ಜೋಡಿಸುವಾಗ ಪ್ರೇಕ್ಷಕರು ಗೊಳ್ಳೆಂದು ನಗುತ್ತಾರೆ ಎಂಬುದು ಯಾವ ಗೈಡಿನಲ್ಲೂ ನನಗೆ ಕಾಣಲಿಲ್ಲ. ತೇಜಸ್ವಿಯವರ 'ಕರ್ವಾಲೊ'ಗೂ ಇದೇ ಗತಿ. ಪರಿಸರ, ವಿಜ್ಞಾನ, ವಿಕಾಸ ಎಲ್ಲ ಸರಿ, ನಾವು ಅದನ್ನು ಮತ್ತೆ ಮತ್ತೆ ತೆಗೆಯುವುದು ಮಂದಣ್ಣನಿಗಾಗಿ, ಕಿವಿ ಎಂಬ ನಾಯಿಗಾಗಿ. 2025ರಲ್ಲಿ ಬಾನು ಮುಷ್ತಾಕರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗಲೂ ನೋವು, ಪ್ರತಿರೋಧಗಳ ಮಾತು ಎಲ್ಲೆಲ್ಲೂ ಕೇಳಿತು. ಆ ಕಥೆಗಳ ಕೊಂಕುನಗೆಯ ಬಗ್ಗೆ ಅಷ್ಟಾಗಿ ಮಾತು ಕೇಳಲಿಲ್ಲ.

ಈ ನಾಚಿಕೆ ಕನ್ನಡದವರ ಸ್ವಂತ ಆಸ್ತಿಯೂ ಅಲ್ಲ. ಈ ಸಲದ ನನ್ನ ಪಟ್ಟಿಯಲ್ಲಿ ಎರಡನೆಯದು ಜೇನ್ ಆಸ್ಟಿನ್ನಳ 'ನಾರ್ತ್ಯಾಂಗರ್ ಆಬಿ'. 1803ರಲ್ಲಿ ಲಂಡನ್ನಿನ ಪ್ರಕಾಶಕನೊಬ್ಬ ಇದರ ಹಸ್ತಪ್ರತಿಯನ್ನು 10 ಪೌಂಡಿಗೆ ಕೊಂಡು ಅಚ್ಚು ಮಾಡದೆ ಇಟ್ಟುಕೊಂಡ. 1816ರಲ್ಲಿ ಅಷ್ಟೇ ಹಣ ತೆತ್ತು ಅದನ್ನು ವಾಪಸ್ ಪಡೆಯಬೇಕಾಯಿತು. ಪುಸ್ತಕವಾಗಿ ಬಂದದ್ದು 1817ರ ಕೊನೆಗೆ, ಅಷ್ಟರಲ್ಲಿ ಅವಳು ಸತ್ತು ಐದು ತಿಂಗಳಾಗಿತ್ತು. ಇದರಲ್ಲಿ ದೆವ್ವದ ಕಾದಂಬರಿ ಓದಿ ಓದಿ ತಲೆ ಕೆಡಿಸಿಕೊಂಡ ಕ್ಯಾಥರೀನ್ ಎಂಬ ಹುಡುಗಿ ಹಳೇ ಮಠದ ಬಂಗಲೆಯಲ್ಲಿ ರಾತ್ರಿ ತಂಗುತ್ತಾಳೆ. ಬಿರುಗಾಳಿ, ಕಪ್ಪು ಬೀರು, ಅದರ ಒಳಮೂಲೆಯಲ್ಲೊಂದು ಕಾಗದದ ಸುರುಳಿ. ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಮೇಣದಬತ್ತಿ ಆರುತ್ತದೆ. ರಾತ್ರಿಯಿಡೀ ನಡುಗಿ ಬೆಳಿಗ್ಗೆ ಬಿಚ್ಚಿ ನೋಡಿದರೆ ಅಗಸನ ಲೆಕ್ಕದ ಚೀಟಿ, ಅಂಗಿ ಇಷ್ಟು, ಕಾಲುಚೀಲ ಇಷ್ಟು! ಇಷ್ಟು ಗೇಲಿ ಮಾಡಿದವಳೇ ಅದೇ ಪುಸ್ತಕದಲ್ಲಿ ಕಥೆ ನಿಲ್ಲಿಸಿ, ಕಾದಂಬರಿ ಓದುವ ಹುಡುಗಿಯರ ಪರ ವಕಾಲತ್ತು ವಹಿಸುತ್ತಾಳೆ. ಏನು ಓದುತ್ತಿದ್ದೀಯೆ ಎಂದು ಯಾರಾದರೂ ಕೇಳಿದರೆ ನಾಚಿ ಪುಸ್ತಕ ಬದಿಗಿಡುವವಳ ಚಿತ್ರ ಅಲ್ಲೇ ಇದೆ. ಇನ್ನೂರು ವರ್ಷದ ಕೆಳಗೆ ಆಸ್ಟಿನ್ ನನ್ನ ಡಿಸೆಂಬರಿನ ಪಟ್ಟಿಯನ್ನೇ ನೋಡಿ ಬರೆದಂತಿದೆ.

ಪ್ರೇಮಕಥೆಯ ಮೇಲಿನ ದೊಡ್ಡ ಆಕ್ಷೇಪಕ್ಕೆ ಈಗ ಬರಬೇಕು. ಕೊನೆಗೆ ಇಬ್ಬರೂ ಒಂದಾಗುತ್ತಾರೆಂದು ಮೊದಲ ಪುಟದಲ್ಲೇ ಗೊತ್ತಲ್ಲ, ಇನ್ನು ಓದುವುದೇನು? ಈ ಪ್ರಶ್ನೆಯನ್ನು ಕರಾವಳಿಯ ಬಯಲಿನಲ್ಲಿ ಚಳಿಗೆ ಶಾಲು ಹೊದ್ದು ಯಕ್ಷಗಾನಕ್ಕೆ ಕೂತವರನ್ನು ಕೇಳಿ ನೋಡಿ. ಅಭಿಮನ್ಯು ಸಾಯುತ್ತಾನೆಂದು ಗೊತ್ತಿಲ್ಲದೆ ಯಾರೂ ಆಟಕ್ಕೆ ಬಂದಿಲ್ಲ. ಗಮಕ ಕೇಳಲು ಬಂದವರಿಗೆ ಕುಮಾರವ್ಯಾಸನ ಕಥೆ ಬಾಯಿಪಾಠ. ಅಂತ್ಯ ಗೊತ್ತಿರುವ ಕಥೆಯಲ್ಲಿ ಬರಹಗಾರನ ಕೈಯಿಂದ ಒಂದು ಆಯುಧ ಕಸಿದಂತಾಯಿತು, 'ಮುಂದೇನು' ಎಂಬ ಕುತೂಹಲ. ಇನ್ನು ಅವನು 'ಹೇಗೆ' ಎಂಬುದೊಂದರಿಂದಲೇ ನಮ್ಮನ್ನು ಹಿಡಿದಿಡಬೇಕು. ಗಂಭೀರ ಕಾದಂಬರಿಕಾರ ಕೊನೆಯಲ್ಲಿ ಎಲ್ಲವನ್ನೂ ಮಬ್ಬಾಗಿ ಬಿಟ್ಟು ಅದನ್ನೇ ಸೂಕ್ಷ್ಮತೆ ಎನ್ನಿಸಿಕೊಳ್ಳಬಹುದು. ಪ್ರೇಮಕಥೆಯವನಿಗೆ ಆ ರಿಯಾಯಿತಿ ಇಲ್ಲ. ಮಾತು ಕೊಟ್ಟಾಗಿದೆ, ನಡೆಸಿಕೊಡಬೇಕು, ನಡೆಸಿಕೊಟ್ಟದ್ದು ಸಪ್ಪೆ ಎನ್ನಿಸಬಾರದು.

ನಗುವಿನ ಲೆಕ್ಕ ಇದಕ್ಕಿಂತ ಕಟ್ಟುನಿಟ್ಟು. ದುಃಖದ ಪುಟ ಓದಿ ಕಣ್ಣೀರು ಬರದಿದ್ದರೆ ನನ್ನ ಮನಸ್ಸೇ ಕಲ್ಲಾಯಿತೇನೋ ಎಂದುಕೊಳ್ಳುತ್ತೇನೆ. ಹಾಸ್ಯದ ಪುಟಕ್ಕೆ ನಗು ಬರದಿದ್ದರೆ ತಪ್ಪು ಪುಸ್ತಕದ್ದೇ. ಇಂಗ್ಲೆಂಡಿನಲ್ಲಿ ಹಾಸ್ಯ ಕಾದಂಬರಿಗೆಂದೇ ವುಡ್‌ಹೌಸ್ ಹೆಸರಿನ ಪ್ರಶಸ್ತಿಯಿದೆ. ಗೆದ್ದವರಿಗೆ ಶಾಂಪೇನು ಕೊಟ್ಟು, ಒಂದು ಹಂದಿಗೆ ಆ ಪುಸ್ತಕದ ಹೆಸರಿಡುತ್ತಾರೆ. 2018ರಲ್ಲಿ 62 ಪುಸ್ತಕ ಓದಿದ ತೀರ್ಪುಗಾರರು, ನಮ್ಮೆಲ್ಲರನ್ನೂ ಒಟ್ಟಿಗೆ ನಗಿಸಿದ್ದು ಒಂದೂ ಇಲ್ಲ ಎಂದು ಪ್ರಶಸ್ತಿಯನ್ನೇ ತಡೆಹಿಡಿದರು. ಗಾಂಭೀರ್ಯ ಸಾಲದೆಂದು ಗಂಭೀರ ಸಾಹಿತ್ಯದ ಬಹುಮಾನ ತಡೆಹಿಡಿದ ಸುದ್ದಿ ನಾನಂತೂ ಓದಿಲ್ಲ.

ಆ ಪ್ರಶಸ್ತಿಯನ್ನು 2012ರಲ್ಲಿ ಪಡೆದವರು ಟೆರ್ರಿ ಪ್ರಾಚೆಟ್. ನಾಲ್ಕು ಆನೆಗಳ ಬೆನ್ನ ಮೇಲೆ, ಆ ಆನೆಗಳು ಒಂದು ಮಹಾ ಆಮೆಯ ಬೆನ್ನ ಮೇಲೆ ನಿಂತ ತಟ್ಟೆಯಾಕಾರದ ಲೋಕದಲ್ಲಿ 41 ಕಾದಂಬರಿ ಬರೆದ ಮನುಷ್ಯ. ಆನೆ, ಆಮೆ ಕೇಳಿದೊಡನೆ ನಮಗೆ ದಿಗ್ಗಜಗಳೂ ಕೂರ್ಮವೂ ನೆನಪಾಗುವುದು ಸಹಜ. ಆದರೆ ಕನ್ನಡದವರಿಗೆ ಇನ್ನೂ ಹತ್ತಿರದ ನಂಟು ಬೇರೊಂದಿದೆ. ಬ್ರೌನಿಂಗ್ ಪದ್ಯವಾಗಿಸಿದ ಹ್ಯಾಮೆಲಿನ್ನಿನ ಕೊಳಲುಗಾರನನ್ನು ಕುವೆಂಪು ಬೊಮ್ಮನಹಳ್ಳಿಗೆ ಕರೆತಂದು ಕಿಂದರಿಜೋಗಿ ಮಾಡಿದರು. ಅದೇ ಕಥೆಯನ್ನು 2001ರಲ್ಲಿ ಪ್ರಾಚೆಟ್ ತಲೆಕೆಳಗು ಮಾಡಿ 'ದಿ ಅಮೇಜಿಂಗ್ ಮೌರಿಸ್' ಬರೆದರು. ಇದರಲ್ಲಿ ಬೆಕ್ಕಿಗೂ ಇಲಿಗಳಿಗೂ ಬುದ್ಧಿ ಬಂದಿದೆ. ಅವು ಒಬ್ಬ ಪೆದ್ದನಂಥ ಹುಡುಗನ ಕೈಗೆ ಕೊಳಲು ಕೊಟ್ಟು, ತಾವೇ ಊರಿಗೆ ನುಗ್ಗಿ ಗಲಾಟೆ ಎಬ್ಬಿಸಿ, ತಾವೇ ಅವನ ಹಿಂದೆ ಹೊರಟು, ದುಡ್ಡು ಹಂಚಿಕೊಳ್ಳುತ್ತವೆ. ನಗುತ್ತ ನಗುತ್ತ ಓದುವಾಗ ನಡುವೆ ಒಂದು ಇಲಿಗೆ ಅನುಮಾನ ಬರುತ್ತದೆ. ನಾವು ಮಾಡುತ್ತಿರುವುದು ಮೋಸವಲ್ಲವೇ? ಸತ್ತಮೇಲೆ ಇಲಿ ಏನಾಗುತ್ತದೆ? ಮಕ್ಕಳ ಪುಸ್ತಕದಲ್ಲಿ, ನೆಲಮಾಳಿಗೆಯ ಕತ್ತಲಲ್ಲಿ, ಕುರುಡು ಬಿಳಿ ಇಲಿಯೊಂದು ಈ ಪ್ರಶ್ನೆಗಳನ್ನು ಹೊತ್ತು ಕೂರುತ್ತದೆ. ಇದಕ್ಕೆ ಬ್ರಿಟನ್ನಿನ ಮಕ್ಕಳ ಸಾಹಿತ್ಯದ ಕಾರ್ನೆಗಿ ಪದಕ ಬಂತು. ನನ್ನ ಪಟ್ಟಿಯಲ್ಲಿ ಮೂರನೆಯದು ಇದೇ.

ಪ್ರಾಚೆಟ್ಟರನ್ನು ನಗಿಸುವವನೆಂದು ಬದಿಗಿಟ್ಟವರಿಗೆ ಬೂಟಿನ ಲೆಕ್ಕ ತೋರಿಸಬೇಕು. 1993ರ 'ಮೆನ್ ಅಟ್ ಆರ್ಮ್ಸ್'ನಲ್ಲಿ ಊರ ಕಾವಲಿನ ಕ್ಯಾಪ್ಟನ್ ವೈಮ್ಸ್ ಒಂದು ಲೆಕ್ಕ ಹಾಕುತ್ತಾನೆ. ಐವತ್ತು ಡಾಲರಿನ ಒಳ್ಳೇ ಬೂಟು ಹತ್ತು ವರ್ಷ ಬರುತ್ತದೆ. ಬಡವನ ಕೈಯಲ್ಲಿ ಅಷ್ಟಿರುವುದಿಲ್ಲ, ಹತ್ತು ಡಾಲರಿನ ಬೂಟು ಕೊಂಡು, ಸವೆದಾಗಲೆಲ್ಲ ಮತ್ತೆ ಕೊಂಡು, ಹತ್ತು ವರ್ಷದಲ್ಲಿ ನೂರು ಡಾಲರ್ ಸುರಿದಿರುತ್ತಾನೆ. ಕಾಲು ಮಾತ್ರ ಇನ್ನೂ ಒದ್ದೆಯಾಗಿಯೇ ಇರುತ್ತದೆ. 2022ರಲ್ಲಿ ಬ್ರಿಟನ್ನಿನಲ್ಲಿ ಬಡವರ ದಿನಸಿಯ ಬೆಲೆ ಎಷ್ಟು ಏರಿದೆ ಎಂದು ಅಳೆಯುವ ಸೂಚ್ಯಂಕಕ್ಕೆ ಈ ವೈಮ್ಸನ ಬೂಟಿನ ಹೆಸರನ್ನೇ ಇಟ್ಟರು. ಪ್ರತಿ ಮಳೆಗಾಲ ಫುಟ್‌ಪಾತಿನ ಚಪ್ಪಲಿ ಕೊಳ್ಳುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಹಗುರವಾದದ್ದೆಲ್ಲ ಹೂವು ಎನ್ನುತ್ತಿಲ್ಲ. ಪ್ರೇಮವನ್ನೂ ಡ್ರ್ಯಾಗನ್ನುಗಳನ್ನೂ ಬೆರೆಸಿದ ಕಾದಂಬರಿಗಳು ಈಗ ದೊಡ್ಡ ವ್ಯಾಪಾರ. ರೆಬೆಕ್ಕಾ ಯಾರೋಸ್ ಅವರ 'ಆನಿಕ್ಸ್ ಸ್ಟಾರ್ಮ್' 2025ರ ಜನವರಿಯಲ್ಲಿ ಮೊದಲ ವಾರವೇ 27 ಲಕ್ಷ ಪ್ರತಿ ಖರ್ಚಾಯಿತು. ಈ ಸಾಲಿನ ಒಂದೆರಡನ್ನು ಓದಿದೆ. ನಾಯಕರೆಲ್ಲ ಒಂದೇ ದರ್ಜಿ ಹೊಲಿದ ಕರಿ ಅಂಗಿಯವರು, ಯಾರೊಬ್ಬರಿಗೂ ನಗಲು ಬರುವುದಿಲ್ಲ. ಟ್ರಾವಿಸ್ ಬಾಲ್ಡ್ರೀ ಅವರ 'ಲೆಜೆಂಡ್ಸ್ ಅಂಡ್ ಲಾಟೇಸ್' (2022) ಅದಕ್ಕಿಂತ ಇಷ್ಟವಾಯಿತು. ಕತ್ತಿ ಕೆಳಗಿಟ್ಟ ರಾಕ್ಷಸಿಯೊಬ್ಬಳು ಕಾಫಿ ಎಂದರೇನೆಂದೇ ಗೊತ್ತಿಲ್ಲದ ಊರಿನಲ್ಲಿ ಕಾಫಿ ಅಂಗಡಿ ಇಡುತ್ತಾಳೆ. ಚಿಕ್ಕಮಗಳೂರಿನ ಕಡೆಯವರು ಮೆಚ್ಚಲೇಬೇಕಾದ ಕಥೆ, ಮೊದಲರ್ಧ ನಾನೂ ಮೆಚ್ಚಿದೆ. ಆಮೇಲೆ ಎಲ್ಲರೂ ಎಲ್ಲರಿಗೂ ಒಳ್ಳೆಯವರಾಗುತ್ತ ಹೋದರು, ನನಗೆ ಹಬ್ಬದ ಮೂರನೇ ದಿನ ಹೋಳಿಗೆ ತಿಂದಂತಾಯಿತು. ನೆಮ್ಮದಿಯೊಂದನ್ನೇ ಕೊಡುವ ಪುಸ್ತಕ ನೆಮ್ಮದಿಯನ್ನೂ ಬಹಳ ಹೊತ್ತು ಕೊಡಲಾರದು. ಹೌಲನ ಲೋಳೆ, ಕುರುಡು ಇಲಿಯ ಕತ್ತಲು, ಅಗಸನ ಚೀಟಿಯ ಅವಮಾನ, ಇಂಥ ಒಂದು ಕಹಿ ಹರಳು ಒಳಗಿರಬೇಕು. ಕರಗಬಾರದು.

ಪ್ರಾಚೆಟ್ ಕನ್ನಡದಲ್ಲಿ ಹೇಗಿದ್ದಾರು ಎಂಬ ಲೆಕ್ಕಾಚಾರದಲ್ಲಿ ಈ ವರ್ಷ ಎಷ್ಟೋ ಸಂಜೆ ಕಳೆದಿದ್ದೇನೆ. ಅವರ ಲೋಕದಲ್ಲಿ ಸಾವು ಒಂದು ಪಾತ್ರ. ಸಾವಿನ ಮಾತೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಅಚ್ಚಾಗಿರುತ್ತದೆ, ಓದುವಾಗ ಕಿವಿಯಲ್ಲಿ ಕಲ್ಲುಚಪ್ಪಡಿ ಸರಿದ ಸದ್ದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲವಲ್ಲ! ದಪ್ಪಗೆ ಅಚ್ಚು ಹಾಕಿದರೆ ಮದುವೆ ಕರೆಯೋಲೆಯಂತಾಗುತ್ತದೆ. ಹಳಗನ್ನಡದಲ್ಲಿ ಮಾತಾಡಿಸಬಹುದೇ? ನನ್ನ ಗೆಳೆಯನೊಬ್ಬ ಯಕ್ಷಗಾನದ ಯಮನ ಅರ್ಥಗಾರಿಕೆಯೇ ಸರಿ ಎನ್ನುತ್ತಾನೆ. ಆದರೆ ಪ್ರಾಚೆಟ್ಟರ ಸಾವು ಅಬ್ಬರಿಸುವವನಲ್ಲ, ಬೆಕ್ಕುಗಳನ್ನು ಕಂಡರೆ ಕರಗುವ ಸಂಕೋಚದ ಮನುಷ್ಯ. ಇನ್ನೂ ಬಗೆಹರಿದಿಲ್ಲ.

ಸೋಫಿ, ಹೌಲರ ಕಥೆಯನ್ನು ಮಾತ್ರ ಬಾಯಿಮಾತಿನಲ್ಲಿ ಕನ್ನಡಕ್ಕೆ ತಂದಾಯಿತು. ಚಿಕ್ಕಮ್ಮನಿಗೆ ಎಂಬತ್ತೆರಡು, ಈಗ ಓದಲು ಕಣ್ಣು ಸಾಲದು. ನಾನು ಹುಡುಗನಾಗಿದ್ದಾಗ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕೊಂದು ಕಾದಂಬರಿ ತರಿಸಿ, ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡು ಓದುತ್ತಿದ್ದವಳು ಅವಳು. ಮಾವನವರ ಹೆಜ್ಜೆ ಸದ್ದಾದರೆ ಪುಸ್ತಕ ಡಬ್ಬದ ಹಿಂದಕ್ಕೆ, ಕೈ ಮೊರದ ಮೇಲಕ್ಕೆ. ಕಳೆದ ತಿಂಗಳು ಅವಳ ಮನೆಯಲ್ಲಿ ಎರಡು ದಿನ ಇದ್ದೆ. ರಾತ್ರಿ ಕಂತು ಕಂತಾಗಿ ಹೇಳಿದೆ. ಹಸಿರು ಲೋಳೆಗೆ ಮೂಗು ಮುಚ್ಚಿಕೊಂಡಳು. ಶಾಪ ಬಿದ್ದ ಹುಡುಗಿ ಎಲ್ಲರನ್ನೂ ಬೈಯುವಲ್ಲಿ, 'ಬೈಲಿ ಬಿಡು, ಇಷ್ಟು ದಿನ ಎಲ್ಲಿ ಬಿಟ್ಟಿದ್ರು' ಎಂದಳು. ಎರಡನೇ ರಾತ್ರಿ ಕಥೆ ಮುಗಿಯಲು ಸ್ವಲ್ಪವೇ ಇದೆ ಎನ್ನುವಾಗ ಕರೆಂಟು ಹೋಯಿತು. ಇನ್ನು ನಾಳೆ ಹೇಳುತ್ತೇನೆ, ಹೇಗೂ ಏನಾಗುತ್ತದೆಂದು ನಿನಗೆ ಗೊತ್ತೇ ಇದೆಯಲ್ಲ ಎಂದೆ.

'ಗೊತ್ತಿದೆ,' ಎಂದು ಕತ್ತಲಲ್ಲೇ ದಿಂಬು ಸರಿಮಾಡಿಕೊಂಡಳು. 'ಅವನು ಮೊದಲು ಒಪ್ಪಿಕೊಂಡನಾ, ಇವಳಾ? ಅದು ಹೇಳು.'